ಬೀಟಲ್ ಎಂಜಿನ್ನಿನ ಫ್ಲೈವೀಲ್ ನಟ್: 35 ಕೆಜಿ-ಮೀಟರ್ ಬಿಗಿತವನ್ನು ಮನೆಯಲ್ಲಿ ಕೊಡುವುದು ಹೇಗೆ?

ಕಾಳಿದಂಡೆ, ಕಾರವಾರ:
ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವನ 1970ರ ಫೋಕ್ಸ್‌ವ್ಯಾಗನ್ ಬೀಟಲ್ ಹನ್ನೊಂದು ಮಳೆಗಾಲ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿತ್ತು. ಮಾವ ಅದನ್ನು ಮಡಗಾಂವದಲ್ಲಿ ಕೊಂಡು ಕಾಳಿ ಸೇತುವೆ ದಾಟಿಸಿಕೊಂಡು ಮನೆಗೆ ತಂದ ದಿನ ನಾನು ಹಿಂದಿನ ಸೀಟಿನಲ್ಲಿ ಕುಳಿತಿದ್ದೆ. ಆ ಕಾರು ಮತ್ತೆ ಓಡಬೇಕೆಂಬ ಒಂದೇ ಹಟದಲ್ಲಿ ಕಳೆದ ಎಂಟು ತಿಂಗಳು ಭಾನುವಾರಗಳನ್ನೆಲ್ಲ ಅದಕ್ಕೇ ಕೊಟ್ಟಿದ್ದೇನೆ. 1285 ಸಿಸಿ ಎಂಜಿನ್ ಕೆಳಗಿಳಿಸಿ, ಬಿಚ್ಚಿ, ಬೇರಿಂಗ್ ಬದಲಿಸಿ, ಕ್ರ್ಯಾಂಕ್‌ಕೇಸ್ ಎರಡು ಹೋಳುಗಳನ್ನು ಮತ್ತೆ ಕೂಡಿಸಿದ್ದಾಗಿದೆ.

ಈಗ ಫ್ಲೈವೀಲಿಗೆ, ಅಂದರೆ ಕ್ರ್ಯಾಂಕ್ ಶಾಫ್ಟಿನ ತುದಿಗೆ ಕೂರುವ ಭಾರದ ಚಕ್ರಕ್ಕೆ, ಬಂದು ನಿಂತಿದ್ದೇನೆ. ಬೇರೆ ಕಾರುಗಳಲ್ಲಿ ಆರೆಂಟು ಬೋಲ್ಟ್ ಇರುವ ಕಡೆ ಇದರಲ್ಲಿ ನಡುವೆ ಒಂದೇ ಒಂದು ದಪ್ಪ ನಟ್ ಇದೆ, 36 ಮಿಲಿಮೀಟರ್ ಸಾಕೆಟ್ ಬೇಕು. ಕೈಪಿಡಿ ಹೇಳುವ ಬಿಗಿತ 35 ಕೆಜಿ-ಮೀಟರ್, ಅಂದರೆ 343 ನ್ಯೂಟನ್-ಮೀಟರ್. ಬಿಗಿತ ಅಳೆಯುವ ನನ್ನ ಟಾರ್ಕ್ ಪಾನಾ 210 ನ್ಯೂಟನ್-ಮೀಟರಿಗೆ ನಿಲ್ಲುತ್ತದೆ. ಒಂದೇ ಒಂದು ನಟ್ಟಿಗಾಗಿ ದೊಡ್ಡ ಪಾನಾ ಕೊಳ್ಳುವ ಶಕ್ತಿ ನನಗಿಲ್ಲ.

ಎರಡು ಪ್ರಶ್ನೆ. ಇಷ್ಟು ಬಿಗಿತವನ್ನು ಅಳೆದು ಕೊಡುವುದು ಹೇಗೆ? ಬಿಗಿಯುವಾಗ ಫ್ಲೈವೀಲ್ ತಿರುಗದಂತೆ ಹಿಡಿಯುವುದು ಹೇಗೆ? ಬಿಚ್ಚುವಾಗ ಸುತ್ತಲಿನ ಹಲ್ಲುಗಳ ನಡುವೆ ದೊಡ್ಡ ಸ್ಕ್ರೂಡ್ರೈವರ್ ಸಿಕ್ಕಿಸಿದ್ದೆ. ಒಂದು ಹಲ್ಲಿನ ತುದಿ ಚಕ್ಕೆಯೆದ್ದಿದೆ. ಆ ತಪ್ಪನ್ನು ಮತ್ತೆ ಮಾಡಲು ಮನಸ್ಸಿಲ್ಲ.

ಟೈರ್‌ಮನೆ, ಅಂಕೋಲಾ:
ಇಷ್ಟಕ್ಕೆ ಇಷ್ಟು ಚಿಂತೆಯೇ? ಗಾಳಿ ಗನ್ ಇರುವ ಯಾವುದಾದರೂ ಟೈರ್ ಅಂಗಡಿಗೆ ಎಂಜಿನ್ ಒಯ್ಯಿರಿ. ಹತ್ತು ಸೆಕೆಂಡಿನ ಕೆಲಸ. ಇಪ್ಪತ್ತು ವರ್ಷದಿಂದ ಲಾರಿ ಚಕ್ರದ ನಟ್ ಬಿಗಿಯುತ್ತಿದ್ದೇನೆ, ಒಂದೂ ಕಳಚಿ ಬಿದ್ದಿಲ್ಲ.

ಬೈತಖೋಲ ಡೀಸೆಲ್:
ಅಂಕೋಲೆಯವರೇ, ಬಿಚ್ಚಲು ಗನ್ ಬಳಸಿ, ನಾನೂ ಬಳಸುತ್ತೇನೆ. ಬಿಗಿಯಲು ಬೇಡ. ಗನ್ನಿಗೆ ಲೆಕ್ಕ ಗೊತ್ತಿಲ್ಲ. ಟ್ಯಾಂಕಿನಲ್ಲಿ ಗಾಳಿ ತುಂಬಿದ್ದಾಗ ಒಂದು ಬಿಗಿತ, ಅರ್ಧವಾದಾಗ ಇನ್ನೊಂದು. ಕೊಳವೆ ಉದ್ದವಾದರೆ ಮತ್ತೊಂದು.

ನಾನು ಬಂದರಿನಲ್ಲಿ ದೋಣಿ ಎಂಜಿನ್ ಕೆಲಸ ಮಾಡುವವನು. ಒಬ್ಬರ ಟ್ರಾಲರಿನ ಫ್ಲೈವೀಲ್ ಬೋಲ್ಟುಗಳನ್ನು ಯಾರೋ ಗನ್‌ನಲ್ಲಿ ಬಿಗಿದು ಕಳಿಸಿದ್ದರು. ಮೂರನೆಯ ತಿಂಗಳು ದೇವಗಡ ದ್ವೀಪ ದಾಟಿದ ಮೇಲೆ ಟಕ್ ಟಕ್ ಎಂಬ ಸದ್ದು ಶುರುವಾಯಿತು. ಇಂಜೆಕ್ಟರ್ ಇರಬೇಕೆಂದುಕೊಂಡು ಇನ್ನೂ ಎರಡು ತಾಸು ಓಡಿಸಿದರು. ಕೊನೆಗೆ ಬೇರೆ ದೋಣಿ ಹಗ್ಗ ಕಟ್ಟಿ ಎಳೆದು ತಂದಿತು. ನಾನು ಬಿಚ್ಚಿ ನೋಡಿದಾಗ ದುಂಡಗಿರಬೇಕಾದ ಪಿನ್ ತೂತುಗಳು ಗೋಡಂಬಿಯ ಆಕಾರಕ್ಕೆ ಬಂದಿದ್ದವು. ಕ್ರ್ಯಾಂಕೂ ಹೋಯಿತು, ಫ್ಲೈವೀಲೂ ಹೋಯಿತು, ಮೀನಿನ ಸುಗ್ಗಿಯೂ ಹೋಯಿತು.

ಬೀಟಲಿನಲ್ಲೂ ಅದೇ ಅಪಾಯವಿದೆ. ಕ್ರ್ಯಾಂಕಿಗೂ ಫ್ಲೈವೀಲಿಗೂ ನಡುವೆ ನಾಲ್ಕು ಡೋವೆಲ್ ಪಿನ್ನುಗಳಿವೆ, ಎರಡರ ತೂತುಗಳಿಗೂ ತೂರಿ ಕೂರುವ ಗಟ್ಟಿ ಗೂಟಗಳು. ನಟ್ ಎರಡು ಮುಖಗಳನ್ನು ಒತ್ತಿ ಹಿಡಿದಿರುವವರೆಗೆ ಭಾರವನ್ನು ಆ ಒತ್ತಡವೇ ಹೊರುತ್ತದೆ. ಒತ್ತಡ ಸಡಿಲವಾದ ದಿನದಿಂದ ಪಿನ್ನುಗಳು ಒಂದೊಂದೇ ಹೊಡೆತ ತಿನ್ನುತ್ತವೆ.

ಟೈರ್‌ಮನೆ, ಅಂಕೋಲಾ:
ಲೆಕ್ಕ ಗೊತ್ತಿಲ್ಲದ್ದು ಗನ್ನಿಗೆ, ಹಿಡಿದವನಿಗೆ ಗೊತ್ತಿರುತ್ತದೆ. ಕೈಗೆ ಅಂದಾಜು ಬರುತ್ತದೆ.

ಬೈತಖೋಲ ಡೀಸೆಲ್:
ದಿನಕ್ಕೆ ನೂರು ಸಲ ಬಿಗಿಯುವ ಒಂದೇ ಅಳತೆಯ ನಟ್ಟಿಗೆ ಅಂದಾಜು ಬರುತ್ತದೆ, ಒಪ್ಪಿದೆ. ಜೀವಮಾನದಲ್ಲಿ ಒಮ್ಮೆ ಬಿಗಿಯುವ ನಟ್ಟಿಗೆ ಯಾರ ಕೈಗೂ ಅಂದಾಜು ಇರುವುದಿಲ್ಲ.

ತೋಟದಂಚು, ಶಿರಸಿ:
ದೊಡ್ಡ ಪಾನಾ ಬೇಡವೇ ಬೇಡ. ಕೆಜಿ-ಮೀಟರ್ ಎಂಬ ಹೆಸರಿನಲ್ಲೇ ಉತ್ತರ ಇದೆ. ನಟ್ಟಿನ ನಡುವಿನಿಂದ ಒಂದು ಮೀಟರ್ ದೂರದಲ್ಲಿ 35 ಕೆಜಿ ತೂಗಿದರೆ ಅದೇ 35 ಕೆಜಿ-ಮೀಟರ್. ಅರ್ಧ ಮೀಟರ್ ದೂರವಾದರೆ 70 ಕೆಜಿ. ಮುಕ್ಕಾಲು ಇಂಚಿನ ಟಾಮಿಗೆ (ಸಾಕೆಟ್ ತಿರುಗಿಸುವ ಸರಳು) ಜಿಐ ಪೈಪು ತೂರಿಸಿ, ಅಳೆದು ಗುರುತು ಹಾಕಿ, ಆ ಜಾಗದಲ್ಲಿ ನಿಮ್ಮದೇ ತೂಕ ಬಿಡಿ. ನಮ್ಮ ಪವರ್ ಟಿಲ್ಲರಿನ ಚಕ್ರದ ನಟ್ಟುಗಳನ್ನು ನಾನೂ ದೊಡ್ಡಪ್ಪನೂ ಹೀಗೇ ಬಿಗಿಯುವುದು. ದೊಡ್ಡಪ್ಪ ಅಡಿಕೆ ತೂಗುವ ತಕ್ಕಡಿಯಲ್ಲಿ ಮೊದಲು ನನ್ನನ್ನು ನಿಲ್ಲಿಸಿ ತೂಗುತ್ತಿದ್ದರು.

ದೇವಿಮನೆ:
ಪೈಪಿನ ಮೇಲೆ ನಿಲ್ಲುವುದು ಮಾತ್ರ ಬೇಡ. ಸಾಕೆಟ್ ಜಾರಿದರೆ ನೆಲಕ್ಕೆ ಮುಖ ತಾಗುತ್ತದೆ. ನಮ್ಮ ಊರಿನ ಒಬ್ಬರ ಮುಂಗೈ ಮೂಳೆ ಹಾಗೆಯೇ ಮುರಿದಿದೆ.

ಅಘನಾಶಿನಿ, ಕುಮಟಾ:
ಶಿರಸಿಯವರು ಹೇಳಿದ ದಾರಿ ಸರಿ, ಲೆಕ್ಕ ಅರ್ಧಕ್ಕೆ ನಿಂತಿದೆ. ನಾನು ಭೌತಶಾಸ್ತ್ರ ಕಲಿಸುವವಳು, ಬಿಟ್ಟುಹೋದದ್ದನ್ನು ಸೇರಿಸುತ್ತೇನೆ.

ಪೈಪಿಗೂ ತೂಕ ಇದೆ. ಟಾಮಿ ಮತ್ತು ಪೈಪು ಸೇರಿ ಐದು ಕೆಜಿ ಇದ್ದು ಅದರ ಸಮತೋಲದ ಬಿಂದು ನಟ್ಟಿನಿಂದ 60 ಸೆಂಟಿಮೀಟರ್ ದೂರದಲ್ಲಿದ್ದರೆ, ನೀವು ಏನೂ ತೂಗಿಸುವ ಮೊದಲೇ ನಟ್ಟಿನ ಮೇಲೆ 3 ಕೆಜಿ-ಮೀಟರ್ ಬಿದ್ದಿರುತ್ತದೆ. ಅದನ್ನು 35ರಿಂದ ಕಳೆಯಬೇಕು. ಸಮತೋಲದ ಬಿಂದು ಪೈಪಿನ ನಡುವೆಯೇ ಇರುತ್ತದೆಂದು ಅಂದುಕೊಳ್ಳಬೇಡಿ, ಟಾಮಿಯ ತಲೆ ಭಾರ. ಬಾಗಿಲ ಹೊಸ್ತಿಲಿನ ಅಂಚಿನ ಮೇಲೆ ಅಡ್ಡ ಇಟ್ಟು ಎಲ್ಲಿ ತೂಗಿ ನಿಲ್ಲುತ್ತದೆಂದು ನೋಡಿ.

ಎರಡನೆಯದು ಕೋನ. ಪೈಪು ನೆಲಕ್ಕೆ ಸಮನಾಗಿರುವಾಗ ಮಾತ್ರ ಈ ಗುಣಾಕಾರ ನಿಜ. ಮೂವತ್ತು ಡಿಗ್ರಿ ಕೆಳಗೆ ಬಾಗಿದರೆ ಸುಮಾರು ಶೇ. 13 ಕಡಿಮೆ. ಇಪ್ಪತ್ತು ಡಿಗ್ರಿಗೆ ಶೇ. 6. ಆದ್ದರಿಂದ ಪೈಪು ಸ್ವಲ್ಪ ಮೇಲೆದ್ದ ಸ್ಥಿತಿಯಲ್ಲಿ ಶುರುವಾಗಿ ಸಮಮಟ್ಟಕ್ಕೆ ಬಂದಾಗ ನಿಲ್ಲಬೇಕು.

ಮನುಷ್ಯರನ್ನು ನಿಲ್ಲಿಸುವ ಬದಲು ನೀರಿನ ಕ್ಯಾನ್ ತೂಗಿಸಿ. ಲೀಟರಿಗೆ ಒಂದು ಕೆಜಿ. ಚೊಂಬಿನಿಂದ ನಿಧಾನಕ್ಕೆ ತುಂಬುತ್ತಾ ಹೋದರೆ ಜರ್ಕ್ ಬರುವುದಿಲ್ಲ.

ತೋಟದಂಚು, ಶಿರಸಿ:
ಅಕ್ಕಾ, ಪೈಪಿನ ತೂಕ ನಾವು ಇಷ್ಟು ದಿನ ಲೆಕ್ಕಕ್ಕೇ ಹಿಡಿದಿರಲಿಲ್ಲ. ಈಗಲೇ ದೊಡ್ಡಪ್ಪನಿಗೆ ಹೇಳುತ್ತೇನೆ.

ಕದ್ರಾ ಫಿಟ್ಟರ್:
ನಿವೃತ್ತಿಯಾಗಿ ಒಂಬತ್ತು ವರ್ಷವಾಯಿತು, ಕದ್ರಾ ವಿದ್ಯುತ್ ಕೇಂದ್ರದಲ್ಲಿ ಫಿಟ್ಟರ್ ಆಗಿದ್ದೆ. 50 ಮೆಗಾವ್ಯಾಟಿನ ಮೂರು ಯಂತ್ರ. ಅಲ್ಲಿ ಟರ್ಬೈನ್ ಮತ್ತು ಜನರೇಟರ್ ಕೂಡುವ ಕಡೆ ಬೋಲ್ಟುಗಳು ಕೈ ತೋಳಿನಷ್ಟು ದಪ್ಪ. ಅಂಥ ಬೋಲ್ಟನ್ನು ಎಷ್ಟು ಬಲ ಹಾಕಿ ತಿರುಗಿಸಿದೆ ಎಂದು ಯಾರೂ ಕೇಳುವುದಿಲ್ಲ, ಎಷ್ಟು ಉದ್ದವಾಯಿತು ಎಂದು ಅಳೆಯುತ್ತಾರೆ. ಬೋಲ್ಟ್ ಎಂದರೆ ಬಿರುಸಾದ ಸ್ಪ್ರಿಂಗ್. ಎಳೆದಷ್ಟು ಒತ್ತುತ್ತದೆ. ತಿರುಗಿಸುವ ಬಲವನ್ನು ಅಳೆಯುವುದು ಆ ಎಳೆತವನ್ನು ಅಂದಾಜು ಮಾಡುವ ಒಂದು ಅಡ್ಡದಾರಿ, ಅಷ್ಟೇ. ಹಾಕಿದ ಬಲದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲನ್ನು ನಟ್ಟಿನ ಮುಖವೂ ಮರೆಯೂ (ಥ್ರೆಡ್, ಸುರುಳಿ ಗೆರೆಗಳು) ಉಜ್ಜಿ ತಿಂದುಬಿಡುತ್ತವೆ. ಎಳೆತಕ್ಕೆ ಉಳಿಯುವುದು ಒಂದು ಪಾಲು.

ಆದ್ದರಿಂದ ಕುಮಟಾ ಟೀಚರ್ ಹೇಳಿದ ನೀರು ತುಂಬುವ ಉಪಾಯ ನನಗೆ ಒಪ್ಪಿಗೆಯಿಲ್ಲ. ನಿಂತ ನಟ್ಟನ್ನು ಮತ್ತೆ ಹೊರಡಿಸಲು ಹೆಚ್ಚು ಬಲ ಬೇಕು, ಓಡುತ್ತಿರುವ ನಟ್ಟಿಗೆ ಕಡಿಮೆ ಸಾಕು. ಚೊಂಬು ಚೊಂಬಾಗಿ ಸುರಿದರೆ ನಟ್ ಹೊರಡುತ್ತದೆ, ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಕೊನೆಯ ಚೊಂಬಿಗೆ ಅದು ಅಲುಗಾಡದೆ ಕುಳಿತಿರಬಹುದು. ನಿಮಗೆ 35 ಎಂದು ಕಾಣುತ್ತದೆ, ಒಳಗೆ 30ರ ಎಳೆತವೇ ಇರುತ್ತದೆ. ಕೊನೆಯ ಬಿಗಿತ ಒಂದೇ ಎಳೆತದಲ್ಲಿ, ಎಲ್ಲೂ ನಿಲ್ಲದೆ ಬರಬೇಕು.

ಅಘನಾಶಿನಿ, ಕುಮಟಾ:
ಒಪ್ಪುತ್ತೇನೆ, ಸ್ಥಿರ ಘರ್ಷಣೆಯನ್ನು ನಾನು ಮರೆತೆ. ಹಾಗಾದರೆ ಕ್ಯಾನನ್ನು ಮೊದಲೇ ಪೂರ್ತಿ ತುಂಬಿಸಿ ತೂಗಿಕೊಳ್ಳಲಿ. ಪೈಪು ಇಪ್ಪತ್ತು ಡಿಗ್ರಿ ಮೇಲಿರುವಾಗ ಇಬ್ಬರು ಕ್ಯಾನನ್ನು ಎತ್ತಿ ಹಿಡಿದು ಗುರುತಿನ ಜಾಗಕ್ಕೆ ಸಿಕ್ಕಿಸಿ, ಕೈಯ ಆಸರೆಯನ್ನು ಮೆಲ್ಲಗೆ ಬಿಡುತ್ತಾ ಪೈಪನ್ನು ಒಂದೇ ಸಮನೆ ಕೆಳಗಿಳಿಸಲಿ. ಇದು ಸರಿಯೇ?

ಕದ್ರಾ ಫಿಟ್ಟರ್:
ಅದು ಸರಿ. ಬೀಳಿಸಬಾರದು, ಇಳಿಸಬೇಕು. ಬೀಳಿಸಿದರೆ ತೂಕದ ಮೇಲೆ ಹೊಡೆತವೂ ಸೇರುತ್ತದೆ.

ಇನ್ನು ಕಾರವಾರದವರ ಎರಡನೆಯ ಪ್ರಶ್ನೆ. ನನ್ನ ಪ್ರಕಾರ ಅದೇ ಮೊದಲನೆಯದಾಗಬೇಕಿತ್ತು. ಬಿಗಿಯುವುದು ಸುಲಭ, ಹಿಡಿಯುವುದು ಕಷ್ಟ. ಹಲ್ಲಿಗೆ ಸ್ಕ್ರೂಡ್ರೈವರ್ ಕೊಟ್ಟರೆ ಏನಾಗುತ್ತದೆ ನೋಡಿ. ಹಲ್ಲಿನ ಉಂಗುರ ನಡುವಿನಿಂದ ಸುಮಾರು 14 ಸೆಂಟಿಮೀಟರ್ ದೂರದಲ್ಲಿದೆ. 35ನ್ನು 0.14ರಿಂದ ಭಾಗಿಸಿ. 250 ಕೆಜಿ. ಅಷ್ಟೂ ಒಂದು ಹಲ್ಲಿನ ಮೇಲೆ, ಆಚೆ ಬದಿಯಲ್ಲಿ ಅಷ್ಟೇ ಬಲ ಮೆಗ್ನೀಸಿಯಂ ಮಿಶ್ರಲೋಹದ ಕೇಸಿನ ಅಂಚಿನ ಮೇಲೆ. ಹಲ್ಲು ಚಕ್ಕೆಯೆದ್ದು ಕೇಸ್ ಉಳಿದಿದ್ದರೆ ನಿಮ್ಮ ಮಾವನ ಪುಣ್ಯ. ಬ್ಯಾಟರಿ ದೀಪ ಹಿಡಿದು ಆ ಜಾಗದಲ್ಲಿ ಕೂದಲೆಳೆಯ ಬಿರುಕು ಇದೆಯೇ ಎಂದು ಇಂದೇ ನೋಡಿ.

ಅದೇ 35ನ್ನು ಒಂದು ಮೀಟರ್ ಉದ್ದದ ಪಟ್ಟಿಯ ತುದಿಯಲ್ಲಿ ತಡೆದರೆ? 35 ಕೆಜಿ ಅಷ್ಟೇ. ಅರ್ಧ ಚೀಲ ಅಕ್ಕಿಯ ಭಾರ. ಎರಡು ಇಂಚು ಅಗಲ, 10 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿ ತನ್ನಿ. ಕ್ಲಚ್ ಕೂರಿಸುವ ಬೋಲ್ಟುಗಳ ಜಾಗದಲ್ಲಿ ಎರಡು ತೂತು ಕೊರೆಸಿ, ಫ್ಲೈವೀಲಿಗೆ ಬೋಲ್ಟ್ ಹಾಕಿ ಕೂರಿಸಿ. ನಡುವೆ ಸಾಕೆಟ್ ಹೋಗಲು ಜಾಗ ಬಿಟ್ಟಿರಬೇಕು. ಇನ್ನೊಂದು ತುದಿ ನೆಲಕ್ಕೆ ತಾಗಲಿ.

ಯಾವ ಬದಿಗೆ ಎಂಬುದು ಮುಖ್ಯ. ಫ್ಲೈವೀಲಿಗೆ ಎದುರಾಗಿ ನಿಂತರೆ ಬಿಗಿಯುವುದು ಬಲಕ್ಕೆ. ಪೈಪು ಬಲಗಡೆಗೆ ಚಾಚಿ ಕೆಳಗೆ ಒತ್ತುತ್ತೀರಿ, ಫ್ಲೈವೀಲೂ ಅದೇ ದಿಕ್ಕಿಗೆ ತಿರುಗಲು ನೋಡುತ್ತದೆ. ಪಟ್ಟಿಯೂ ಬಲಗಡೆಗೇ ಇದ್ದರೆ ಅದು ನೆಲವನ್ನು ಒತ್ತಿ ನಿಲ್ಲುತ್ತದೆ. ಎಡಗಡೆಗೆ ಇಟ್ಟರೆ ಮೇಲೆದ್ದು ಹೊಡೆಯುತ್ತದೆ. ಎರಡೂ ಒಂದೇ ಬದಿಗೆ ಇದ್ದಾಗ ಇನ್ನೊಂದು ಲಾಭ ಇದೆ: ನೀವು ಕೆಳಗೆ ಒತ್ತುವುದನ್ನು ನೆಲ ಮೇಲಕ್ಕೆ ಒತ್ತುತ್ತದೆ, ನಡುವೆ ಎಂಜಿನ್ನಿನ ಮೇಲೆ ಬೀಳುವುದು ಸ್ವಲ್ಪವೇ. ಎಂಜಿನ್ ಮಗುಚುವುದಿಲ್ಲ. ಪಟ್ಟಿಯನ್ನು ನೆಲದ ಬದಲು ಎಂಜಿನ್ ಕೇಸಿಗೇ ಸಿಕ್ಕಿಸಿದರೆ ಪೂರ್ತಿ 35 ಎಂಜಿನ್ನನ್ನೇ ಮಗುಚಲು ನೋಡುತ್ತದೆ.

ಬೈತಖೋಲ ಡೀಸೆಲ್:
ಇದನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಬೇಕು. ನಾವು ದೋಣಿಯಲ್ಲೂ ಹೀಗೆಯೇ ಪಟ್ಟಿ ಹಾಕುತ್ತೇವೆ, ಯಾವ ಬದಿಗೆ ಯಾಕೆ ಎಂದು ಇಷ್ಟು ಬಿಡಿಸಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಕಾಳಿದಂಡೆ, ಕಾರವಾರ:
ಬಿರುಕು ಹುಡುಕಿದೆ. ಸೀಮೆಎಣ್ಣೆ ಹಚ್ಚಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ ಅರ್ಧ ಗಂಟೆ ಕಾದೆ. ಎಲ್ಲೂ ಎಣ್ಣೆಯ ಗೆರೆ ಮೂಡಲಿಲ್ಲ. ಜೀವ ಬಂದಂತಾಯಿತು.

ಇನ್ನೊಂದು ಸಂಶಯ. ನಟ್ಟಿಗೆ ಎಣ್ಣೆ ಹಚ್ಚಬೇಕೇ, ಒಣಗಿದ್ದೇ ಬಿಗಿಯಬೇಕೇ?

ಟೈರ್‌ಮನೆ, ಅಂಕೋಲಾ:
ಎಣ್ಣೆ ಹಚ್ಚಲೇಬಾರದು. ಎಣ್ಣೆ ಹಚ್ಚಿದ ನಟ್ ಸಡಿಲವಾಗುತ್ತದೆ.

ಯಾಣದವನು:
ಹಚ್ಚಲೇಬೇಕು. ಕರಾವಳಿಯ ಉಪ್ಪು ಗಾಳಿಗೆ ಒಣ ನಟ್ ಮುಂದಿನ ಸಲ ಬಿಚ್ಚುವುದಕ್ಕೇ ಬರುವುದಿಲ್ಲ.

ಟೈರ್‌ಮನೆ, ಅಂಕೋಲಾ:
ಯಾಣದವರೇ, ಒಂದು ಬಸ್ಸಿನ ಚಕ್ರದ ನಟ್ಟಿಗೆ ಗ್ರೀಸ್ ಹಚ್ಚಿ ಬಿಗಿದು ಅರೆಬೈಲು ಘಟ್ಟ ಇಳಿಸಿ ನೋಡಿ, ಆಮೇಲೆ ಮಾತನಾಡೋಣ.

ಕದ್ರಾ ಫಿಟ್ಟರ್:
ಜಗಳ ಬೇಡ, ಇಬ್ಬರ ಅನುಭವವೂ ಸುಳ್ಳಲ್ಲ. ಎಣ್ಣೆ ಹಚ್ಚಿದರೆ ಉಜ್ಜುವಿಕೆ ಕಡಿಮೆಯಾಗಿ ಅದೇ ಬಲಕ್ಕೆ ಎಳೆತ ಹೆಚ್ಚಾಗುತ್ತದೆ. ಚಕ್ರದ ನಟ್ಟಿಗೆ ಕೊಟ್ಟ ಅಂಕಿ ಸಾಮಾನ್ಯವಾಗಿ ಒಣ ಮರೆಗೆ ಕೊಟ್ಟದ್ದು. ಅಲ್ಲಿ ಎಣ್ಣೆ ಹಾಕಿದರೆ ಸ್ಟಡ್ ಮಿತಿ ಮೀರಿ ಎಳೆಯುತ್ತದೆ. ಅಂಕೋಲೆಯವರ ಕಣ್ಣಿಗೆ ಬಿದ್ದದ್ದು ಅದರ ಫಲ. ಫ್ಲೈವೀಲ್ ನಟ್ಟಿಗೆ ನಿಮ್ಮ ಕೈಪಿಡಿ ಏನು ಹೇಳುತ್ತದೆಯೋ ಅದನ್ನೇ ಮಾಡಿ, ನಿಮ್ಮ ಎಂಜಿನ್ ತಯಾರಾದ ವರ್ಷದ ಪುಟ ನೋಡಿ. ಹಳೆಯ ಎಂಜಿನ್ನುಗಳಿಗೆ ಅಂಕಿ ಬೇರೆ ಇರಬಹುದು. ಏನೇ ಆದರೂ ಮರೆಯನ್ನು ತಂತಿ ಬ್ರಷ್ಷಿನಿಂದ ತಿಕ್ಕಿ ತುಕ್ಕು ತೆಗೆಯಿರಿ. ತುಕ್ಕಿನ ಮೇಲೆ ಬಿಗಿದ 35ಕ್ಕೆ ಅರ್ಥವೇ ಇಲ್ಲ.

ಶರಾವತಿ, ಹೊನ್ನಾವರ:
ಅಂಕಿ ಎಂದರೆ ನೆನಪಾಯಿತು. ಯಾವ ಮಾನದ ಅಂಕಿ ಎಂದು ಎರಡೆರಡು ಸಲ ನೋಡಿ. ನಮ್ಮ ಹಳೆಯ ಕಾರಿನ ಹೆಡ್ ಬೋಲ್ಟ್ 60 ನ್ಯೂಟನ್-ಮೀಟರ್ ಇತ್ತು. ತಮ್ಮನ ಪಾನಾದ ಮೇಲೆ ಎರಡು ಗೆರೆ, ಒಂದರಲ್ಲಿ ನ್ಯೂಟನ್-ಮೀಟರ್, ಒಂದರಲ್ಲಿ ಪೌಂಡ್-ಅಡಿ. ಅವನು ಪೌಂಡ್-ಅಡಿಯ ಗೆರೆಯಲ್ಲಿ 60 ಇಟ್ಟ. ಅದು 81 ನ್ಯೂಟನ್-ಮೀಟರ್ ಆಗುತ್ತದೆ. ಏಳನೆಯ ಬೋಲ್ಟಿಗೆ ಕೈಗೆ ಏನೋ ಮೆತ್ತಗಾದಂತೆ ಅನ್ನಿಸಿತು, ಮರುಕ್ಷಣ ಬ್ಲಾಕಿನೊಳಗೇ ತುಂಡಾಯಿತು. ಅದನ್ನು ತೆಗೆಸಲು ಲೇತ್ ಅಂಗಡಿಗೆ ಮೂರು ದಿನ ಅಲೆದೆವು. ನಿಮ್ಮ 35 ಕೆಜಿ-ಮೀಟರ್ ಪೌಂಡ್-ಅಡಿಯಲ್ಲಿ 253. ಯಾರಾದರೂ 35 ಪೌಂಡ್-ಅಡಿ ಎಂದು ಓದಿದರೆ ಏಳರಲ್ಲಿ ಒಂದು ಪಾಲು ಬಿಗಿತವೂ ಆಗುವುದಿಲ್ಲ.

ಕಾಳಿದಂಡೆ, ಕಾರವಾರ:
ಅಕ್ಕಾ, ಕೈಪಿಡಿಯಲ್ಲಿ ಎರಡೂ ಅಂಕಿ ಪಕ್ಕಪಕ್ಕದಲ್ಲಿ ಇವೆ, 35 ಮತ್ತು 253. ಸರಿಯಾಗಿಯೇ ಓದಿದ್ದೇನೆ. ಆದರೂ ಮತ್ತೊಮ್ಮೆ ನೋಡಿದೆ.

ಯಾಣದವನು:
ಲಾರಿ ಚಾಲಕರು ಚಕ್ರ ಬಿಚ್ಚಲು ಇಟ್ಟುಕೊಳ್ಳುವ ಗೇರ್ ಪಾನಾ ಇದೆಯಲ್ಲ, ಕೈಯಲ್ಲಿ ಹಿಡಿಕೆ ತಿರುಗಿಸಿದರೆ ಸಾಕು, ಒಳಗಿನ ಗೇರುಗಳು ಬಲವನ್ನು ಐವತ್ತು ಪಟ್ಟಿಗೂ ಹೆಚ್ಚು ಮಾಡುತ್ತವೆ. ಅದನ್ನು ಬಳಸಬಹುದಲ್ಲ? ಒಳಗೆ ಕೊಡುವುದನ್ನು ಅಳೆದು ಗುಣಿಸಿದರಾಯಿತು.

ಬೈತಖೋಲ ಡೀಸೆಲ್:
ಬಿಚ್ಚಲು ಅದಕ್ಕಿಂತ ಒಳ್ಳೆಯದಿಲ್ಲ. ಬಿಗಿಯಲು ಬೇಡ. ಅಗ್ಗದ ಗೇರುಗಳ ನಡುವೆ ಎಷ್ಟು ಬಲ ಸೋರಿಹೋಗುತ್ತದೆಂದು ಗೊತ್ತಾಗುವುದಿಲ್ಲ, ಗುಣಿಸಿದ ಲೆಕ್ಕ ಕಾಗದದಲ್ಲೇ ಉಳಿಯುತ್ತದೆ. ಅಳತೆ ಪರೀಕ್ಷಿಸಿದ ಒಳ್ಳೆಯ ಗುಣಕ ಪಾನಾಗಳು ಬೇರೆ ಇವೆ, ಮೂರು ಪಟ್ಟು, ಐದು ಪಟ್ಟಿನವು. ಅವಕ್ಕೂ ಒಂದು ಕಾಲು ಇರುತ್ತದೆ, ಅದು ಯಾವುದಾದರೂ ಗಟ್ಟಿ ವಸ್ತುವಿಗೆ ಒತ್ತಿ ನಿಲ್ಲಬೇಕು. ಆ ಕಾಲಿಗೂ ಗೋಡೆಗೂ ನಡುವೆ ಬೆರಳು ಸಿಕ್ಕರೆ ಬೆರಳು ಉಳಿಯುವುದಿಲ್ಲ.

ದೇವಿಮನೆ:
ವಿಷಯ ಬಿಟ್ಟು ಒಂದು ಮಾತು. ನಿಮ್ಮ ಮಾವ ಕಾರು ತಂದದ್ದು ಹಳೆಯ ಕಾಳಿ ಸೇತುವೆಯ ಮೇಲೆಯೇ?

ಕಾಳಿದಂಡೆ, ಕಾರವಾರ:
ಹೌದು, 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದ ಅದೇ ಸೇತುವೆ. ಕಾರು ಮತ್ತೆ ಓಡುವ ದಿನ ಅದೇ ದಾರಿಯಲ್ಲಿ ಮಾವನನ್ನು ಸದಾಶಿವಗಡಕ್ಕೆ ಕರೆದುಕೊಂಡು ಹೋಗಬೇಕೆಂದು ಮನಸ್ಸಿನಲ್ಲಿತ್ತು. ಈಗ ಹೊಸ ಸೇತುವೆಯ ಮೇಲೆ ಹೋಗಬೇಕು.

ತೋಟದಂಚು, ಶಿರಸಿ:
ಮಾವನಿಗೆ ಈಗ ಎಷ್ಟು ವಯಸ್ಸು?

ಕಾಳಿದಂಡೆ, ಕಾರವಾರ:
ಎಂಬತ್ತೊಂದು. ದಿನಾ ಸಂಜೆ ಕೊಟ್ಟಿಗೆಗೆ ಬಂದು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮಾತನಾಡುವುದಿಲ್ಲ, ಬೋಲ್ಟುಗಳನ್ನು ಅಳತೆಯ ಪ್ರಕಾರ ಡಬ್ಬಿಗಳಿಗೆ ಹಾಕಿ ಕೊಡುತ್ತಾರೆ.

ಬೈತಖೋಲ ಡೀಸೆಲ್:
ಒಂದು ಮುಖ್ಯ ವಿಷಯ ಯಾರೂ ಕೇಳಲಿಲ್ಲ. ಕ್ರ್ಯಾಂಕಿನ ಹಿಂದುಮುಂದಿನ ಆಟ, ಅಂದರೆ ಅದು ಉದ್ದಕ್ಕೆ ಅಲುಗಾಡುವ ಸಡಿಲು, ಅಳೆದಿದ್ದೀರಾ? ಬೀಟಲಿನಲ್ಲಿ ಅದನ್ನು ಹೊಂದಿಸುವುದು ಫ್ಲೈವೀಲಿನ ಹಿಂದೆ ಇರುವ ಮೂರು ಶಿಮ್ಮುಗಳು, ಅಂದರೆ ತೆಳು ಲೋಹದ ಉಂಗುರಗಳು. 35 ಕೊಟ್ಟು ಬಿಗಿದ ಮೇಲೆ ಆಟ ತಪ್ಪಿದೆ ಎಂದು ಗೊತ್ತಾದರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು.

ಕಾಳಿದಂಡೆ, ಕಾರವಾರ:
ಎರಡು ಶಿಮ್ ಹಾಕಿ, ಫ್ಲೈವೀಲ್ ಕೂರಿಸಿ, ಡಯಲ್ ಗೇಜ್ ಇಟ್ಟು ಹಿಂದೆ ಮುಂದೆ ತಳ್ಳಿ ನೋಡಿದೆ. 0.44 ಮಿಲಿಮೀಟರ್ ತೋರಿಸಿತು. ಅದರಿಂದ 0.10 ಕಳೆದು 0.34ರ ಮೂರನೆಯ ಶಿಮ್ ಆರಿಸಿದ್ದೇನೆ. ಕೈಪಿಡಿಯ ಪ್ರಕಾರ ಕೊನೆಗೆ ಉಳಿಯಬೇಕಾದದ್ದು 0.07ರಿಂದ 0.13.

ಬೈತಖೋಲ ಡೀಸೆಲ್:
ಅಳೆಯುವಾಗ ಆಯಿಲ್ ಸೀಲ್ ಕೂರಿಸಿದ್ದಿರಾ?

ಕಾಳಿದಂಡೆ, ಕಾರವಾರ:
ಇಲ್ಲ, ಸೀಲ್ ಇನ್ನೂ ಪೊಟ್ಟಣದಲ್ಲೇ ಇದೆ.

ಬೈತಖೋಲ ಡೀಸೆಲ್:
ಹಾಗಾದರೆ ಅಳತೆ ನಂಬಬಹುದು. ಸೀಲ್ ಇದ್ದರೆ ಅದು ಫ್ಲೈವೀಲನ್ನು ಹಿಡಿದುಕೊಂಡು ಗೇಜಿಗೆ ಮೋಸ ಮಾಡುತ್ತದೆ. ಈಗ ಮೂರೂ ಶಿಮ್ಮುಗಳಿಗೆ ಎಣ್ಣೆ ಸವರಿ ಹಾಕಿ, ಸೀಲನ್ನು ಸಮನಾಗಿ ಕೂರಿಸಿ, ಫ್ಲೈವೀಲಿನ ಒಳಗಿನ ಓ-ರಿಂಗ್ ಹೊಸದು ಹಾಕಿ. ನಟ್ಟಿನೊಳಗೆ ಸೂಜಿ ಬೇರಿಂಗ್ ಇದೆ, ಗೇರ್‌ಬಾಕ್ಸಿನ ಶಾಫ್ಟ್ ತುದಿ ಕೂರುವುದು ಅಲ್ಲಿ. ಅದಕ್ಕೆ ಕಡಲೆಕಾಳಿನಷ್ಟು ಗ್ರೀಸ್ ಸಾಕು. ಹೆಚ್ಚಾದರೆ ಕ್ಲಚ್ಚಿಗೆ ಹಾರುತ್ತದೆ.

ಶರಾವತಿ, ಹೊನ್ನಾವರ:
ಸಾಕೆಟ್ ಆರು ಮೂಲೆಯದ್ದೇ ತನ್ನಿ. ಹನ್ನೆರಡು ಮೂಲೆಯದು ಇಷ್ಟು ಬಲಕ್ಕೆ ನಟ್ಟಿನ ಮೂಲೆಗಳನ್ನು ಸವೆಸಿ ಜಾರುತ್ತದೆ.

ತೋಟದಂಚು, ಶಿರಸಿ:
ಆರು ಮೂಲೆಯದಾದರೆ ಪೈಪನ್ನು ಬೇಕಾದ ಕೋನಕ್ಕೆ ತರುವುದು ಹೇಗೆ? ಅರವತ್ತು ಡಿಗ್ರಿಗೆ ಒಮ್ಮೆ ಮಾತ್ರ ಕೂರುತ್ತದಲ್ಲ.

ಅಘನಾಶಿನಿ, ಕುಮಟಾ:
ಸಾಕೆಟ್ಟಿನ ಹಿಂದೆ ಟಾಮಿ ಕೂರುವ ತೂತು ಚೌಕ. ಅದಕ್ಕೆ ನಾಲ್ಕು ಸ್ಥಾನ, ನಟ್ಟಿಗೆ ಆರು. ಎರಡನ್ನೂ ಬದಲಿಸುತ್ತಾ ಹೋದರೆ ಮೂವತ್ತು ಡಿಗ್ರಿಗೆ ಒಂದರಂತೆ ಹನ್ನೆರಡು ಸ್ಥಾನ ಸಿಗುತ್ತವೆ. ಅದೂ ಸಾಲದಿದ್ದರೆ ನೆಲಕ್ಕೆ ತಾಗುವ ಪಟ್ಟಿಯ ಕೆಳಗೆ ಹಲಗೆ ಸೇರಿಸಿ ಫ್ಲೈವೀಲನ್ನೇ ಸ್ವಲ್ಪ ತಿರುಗಿಸಿಕೊಳ್ಳಿ.

ತೋಟದಂಚು, ಶಿರಸಿ:
ಟೀಚರ್, ನಿಮ್ಮ ಕೈಯಲ್ಲಿ ಕಲಿತ ಮಕ್ಕಳು ಭಾಗ್ಯವಂತರು.

ಕಾಳಿದಂಡೆ, ಕಾರವಾರ:
ಆಯಿತು! ನಿನ್ನೆ ಭಾನುವಾರ ಮಧ್ಯಾಹ್ನ ಮಾಡಿ ಮುಗಿಸಿದೆವು. ವಿವರವಾಗಿ ಬರೆಯುತ್ತೇನೆ, ನಾಳೆ ಇನ್ನೊಬ್ಬರಿಗೆ ಬೇಕಾಗಬಹುದು.

ಪಟ್ಟಿಯನ್ನು ಗುಜರಿಯಲ್ಲಿ ಹುಡುಕಿ ತಂದು ಬೈತಖೋಲದ ಅಣ್ಣನ ಶೆಡ್ಡಿನಲ್ಲಿ ತೂತು ಕೊರೆಸಿದೆ. ಹೌದು, ಇಲ್ಲಿ ಪರಿಚಯವಾದ ಮೇಲೆ ಅವರೇ ಕರೆದರು, ಹಣ ತೆಗೆದುಕೊಳ್ಳಲಿಲ್ಲ. ಮುಕ್ಕಾಲು ಇಂಚಿನ ಟಾಮಿಯೂ 36ರ ಸಾಕೆಟ್ಟೂ ಅವರದೇ. ಕೊಟ್ಟಿಗೆಯ ಚಿರೆಕಲ್ಲಿನ ನೆಲ ಒಡೆಯದಿರಲೆಂದು ಪಟ್ಟಿಯ ತುದಿಗೆ ಹಲಸಿನ ಹಲಗೆ ಕೊಟ್ಟೆವು. ಎಂಜಿನ್ನನ್ನು ಎರಡು ಹಳೆಯ ಟೈರುಗಳ ಮೇಲೆ ಕೂರಿಸಿದೆವು.

ಟಾಮಿ, ಪೈಪು, ಸಾಕೆಟ್ ಸೇರಿ ರೇಷನ್ ಅಂಗಡಿಯ ತಕ್ಕಡಿಯಲ್ಲಿ 5.2 ಕೆಜಿ. ಹೊಸ್ತಿಲಿನ ಮೇಲಿಟ್ಟು ನೋಡಿದಾಗ ಸಮತೋಲದ ಬಿಂದು ನಟ್ಟಿನ ನಡುವಿನಿಂದ 58 ಸೆಂಟಿಮೀಟರ್. ಗುಣಿಸಿದರೆ 3.0 ಕೆಜಿ-ಮೀಟರ್. ಉಳಿದದ್ದು 32. ಎರಡು ಕ್ಯಾನುಗಳಿಗೆ ನೀರು ತುಂಬಿಸಿ, ಹಗ್ಗವನ್ನೂ ಸೇರಿಸಿ ಸರಿಯಾಗಿ 40 ಕೆಜಿ ಮಾಡಿದೆವು. 32ನ್ನು 40ರಿಂದ ಭಾಗಿಸಿದರೆ 80 ಸೆಂಟಿಮೀಟರ್. ಆ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಹಗ್ಗ ಜಾರದಂತೆ ಎರಡೂ ಬದಿಗೆ ತಂತಿ ಸುತ್ತಿದೆವು.

ಮೊದಲು ನನ್ನ ಪಾನಾದಿಂದ 200ರವರೆಗೆ ಬಿಗಿದೆ. ನಟ್ಟಿನ ಒಂದು ಮೂಲೆಗೂ ಫ್ಲೈವೀಲಿಗೂ ಸೇರಿಸಿ ಗೆರೆ ಹಾಕಿದೆ. ಆಮೇಲೆ ಪೈಪನ್ನು ಮೇಲಕ್ಕೆ ಎತ್ತರಿಸಿ ಕೂರಿಸಿ, ನಾನು ಒಂದು ಕಡೆ, ಬೈತಖೋಲದ ಅಣ್ಣ ಒಂದು ಕಡೆ ಕ್ಯಾನುಗಳನ್ನು ಎತ್ತಿ ಹಿಡಿದು ಹಗ್ಗ ಸಿಕ್ಕಿಸಿದೆವು. ಕೈ ಬಿಡುತ್ತಾ ಬಂದಂತೆ ಮೊದಲು ಪಟ್ಟಿಯ ತುದಿ ಹಲಗೆಯೊಳಗೆ ಕಿರ್ರೆಂದು ಕಚ್ಚಿತು. ಆಮೇಲೆ ನಟ್ ಸದ್ದಿಲ್ಲದೆ ಹೊರಟಿತು. ಗಡಿಯಾರದ ಮುಳ್ಳಿನಂತೆ, ಎಲ್ಲೂ ನಿಲ್ಲದೆ. ಮಾವ ಎದುರಿನ ಗೋಡೆಯ ಮೇಲೆ ಮೊದಲೇ ಎಳೆದಿದ್ದ ಸಮಮಟ್ಟದ ಗೆರೆಯನ್ನೇ ನೋಡುತ್ತಾ ಕುಳಿತಿದ್ದರು. ಪೈಪು ಆ ಗೆರೆಗಿಂತ ಒಂದು ಬೆರಳು ಮೇಲೆ ನಿಂತಿತು. ನಮ್ಮ ಕೈಗಳು ಪೂರ್ತಿ ಬಿಟ್ಟಿದ್ದವು. "ಸಾಕು" ಎಂದರು ಮಾವ.

ಕ್ಯಾನು ಇಳಿಸಿ ನೋಡಿದೆ. ನಟ್ಟಿನ ಗೆರೆ ಫ್ಲೈವೀಲಿನ ಗೆರೆಯಿಂದ ಅರ್ಧ ಬೆರಳಗಲ ಮುಂದೆ ಹೋಗಿದೆ. ಡಯಲ್ ಗೇಜ್ ಇಟ್ಟು ಮತ್ತೆ ತಳ್ಳಿದೆ. 0.09.

ಅಘನಾಶಿನಿ, ಕುಮಟಾ:
0.09! ಬಹಳ ಸಂತೋಷವಾಯಿತು. ಗೋಡೆಯ ಗೆರೆ ಒಳ್ಳೆಯ ಉಪಾಯ, ನಾನು ತರಗತಿಯಲ್ಲಿ ಹೇಳುತ್ತೇನೆ.

ಟೈರ್‌ಮನೆ, ಅಂಕೋಲಾ:
ಒಪ್ಪಿದೆ. ಗನ್‌ನಲ್ಲಿ ಈ ಲೆಕ್ಕ ಬರುತ್ತಿರಲಿಲ್ಲ. ಚಕ್ರ, ಟೈರು ಬದಲಿಸುವಾಗ ನನ್ನ ಅಂಗಡಿಗೆ ಬನ್ನಿ. ಬೀಟಲಿನ ಹಿಂದಿನ ಆಕ್ಸಲ್ ನಟ್ಟೂ ಇದೇ 36ರದ್ದೇ ಅಲ್ಲವೇ?

ಕಾಳಿದಂಡೆ, ಕಾರವಾರ:
ಹೌದು, ಅದಕ್ಕೆ 30 ಕೆಜಿ-ಮೀಟರ್, 217 ಪೌಂಡ್-ಅಡಿ. ಮುಂದಿನ ವಾರದ ಕೆಲಸ.

ಕದ್ರಾ ಫಿಟ್ಟರ್:
ಅದರಲ್ಲಿ ಒಂದು ಎಚ್ಚರಿಕೆ. 30 ಕೊಟ್ಟ ಮೇಲೆ ಕಾಟರ್ ಪಿನ್ (ನಟ್ ತಿರುಗದಂತೆ ತಡೆಯುವ ಪಿನ್) ತೂತು ನಟ್ಟಿನ ಸೀಳಿಗೆ ಹೊಂದದಿದ್ದರೆ ಮುಂದಿನ ಸೀಳಿನವರೆಗೆ ಇನ್ನಷ್ಟು ಬಿಗಿಯಿರಿ. ಪಿನ್ ಕೂರಲಿ ಎಂದು ಹಿಂದಕ್ಕೆ ಸಡಿಲಿಸಬಾರದು. ಕಾರು ನೆಲದ ಮೇಲೆ ಚಕ್ರ ಊರಿ ನಿಂತಿರುವಾಗಲೇ ಬಿಗಿಯಿರಿ. ಜ್ಯಾಕಿನ ಮೇಲೆ ನಿಲ್ಲಿಸಿ ಇಷ್ಟು ಬಲ ಹಾಕಿದರೆ ಕಾರು ಜ್ಯಾಕಿನಿಂದ ಉರುಳುತ್ತದೆ.

ತೋಟದಂಚು, ಶಿರಸಿ:
ಆ ಕಬ್ಬಿಣದ ಪಟ್ಟಿಯ ಕೆಲಸ ಮುಗಿದ ಮೇಲೆ ಎಸೆಯಬೇಡಿ. ಸಿದ್ದಾಪುರದಲ್ಲಿ ನನ್ನ ಭಾವನ ಹತ್ತಿರ ಇನ್ನೊಂದು ಬೀಟಲ್ ಇದೆ, ಅದರ ಎಂಜಿನ್ನನ್ನು ಈ ಮಳೆಗಾಲದಲ್ಲಿ ಇಳಿಸುತ್ತೇವೆ. ಕುಮಟೆಯ ತನಕ ಯಾರಾದರೂ ತಂದುಕೊಟ್ಟರೆ ಅಲ್ಲಿಂದ ನಾನು ಬಸ್ಸಿನಲ್ಲಿ ಒಯ್ಯುತ್ತೇನೆ.

ಅಘನಾಶಿನಿ, ಕುಮಟಾ:
ನಮ್ಮ ಮನೆಯಲ್ಲಿ ಇಟ್ಟು ಹೋಗಲಿ. ಬಸ್ ನಿಲ್ದಾಣದಿಂದ ಐದು ನಿಮಿಷದ ದಾರಿ.

ಕಾಳಿದಂಡೆ, ಕಾರವಾರ:
ಶನಿವಾರ ಕುಮಟೆಗೆ ಬರುವವನಿದ್ದೇನೆ, ತರುತ್ತೇನೆ. ತೂತುಗಳ ಅಂತರ ನಿಮ್ಮ ಭಾವನ ಕ್ಲಚ್ಚಿಗೆ ಹೊಂದುತ್ತದೆಯೇ ಎಂದು ಮೊದಲು ಅಳೆಯಲು ಹೇಳಿ. ನಮ್ಮದು 200 ಮಿಲಿಮೀಟರಿನ ಕ್ಲಚ್.